ಅಪ್ಪನ ಪರವಾಗಿ ಹನ್ನೆರಡು ದಿನ

ಬಳ್ಳಾರಿಯ ರೈಲು ಮೈಸೂರು ತಲುಪಿದಾಗ ಬೆಳಿಗ್ಗೆ ಹತ್ತೂವರೆ. ಅರ್ಧ ಗಂಟೆ ತಡ. ಮೇ ತಿಂಗಳ ಎರಡನೆಯ ವಾರವಾದರೂ ಪ್ಲಾಟ್‌ಫಾರಂನಲ್ಲಿ ಗಾಳಿಯಾಡುತ್ತಿತ್ತು. ನಮ್ಮೂರಿನಲ್ಲಿ ಆ ಹೊತ್ತಿಗೆ ಕಬ್ಬಿಣದ ಗೇಟು ಮುಟ್ಟುವಂತಿರುವುದಿಲ್ಲ. ಕುವೆಂಪುನಗರಕ್ಕೆ ಆಟೋದವರು ನೂರೈವತ್ತು ಕೇಳಿ ನೂರಿಪ್ಪತ್ತಕ್ಕೆ ಒಪ್ಪಿದರು. ಏನು ಕೆಲಸದ ಮೇಲೆ ಬಂದಿರಿ ಎಂದು ದಾರಿಯಲ್ಲಿ ವಿಚಾರಿಸಿದರು. ಅಂತರರಾಷ್ಟ್ರೀಯ ಕಾನೂನು ಓದಲು ಎಂದೆ. ಕನ್ನಡಿಯಲ್ಲಿ ನನ್ನ ನರೆತ ಕೂದಲನ್ನೊಮ್ಮೆ ನೋಡಿ, "ಓದಿ ಮೇಡಂ, ಓದಕ್ಕೇನು ವಯಸ್ಸು" ಅಂದರು.

ನನಗೆ ನಲವತ್ತೊಂದು. ಬಳ್ಳಾರಿಯ ಕೌಟುಂಬಿಕ ನ್ಯಾಯಾಲಯದಲ್ಲಿ ಹದಿನೈದು ವರ್ಷದಿಂದ ವಕೀಲಿ ಮಾಡುತ್ತಿದ್ದೇನೆ. ವಿಚ್ಛೇದನ, ಜೀವನಾಂಶ, ಮಕ್ಕಳು ಯಾರ ಬಳಿ ಇರಬೇಕೆಂಬ ವ್ಯಾಜ್ಯ. ಹೆಚ್ಚಾಗಿ ತಾಯಂದಿರ ಪರ. ಈಚೆಗೆ ಇಂಥ ಪ್ರಕರಣಗಳಲ್ಲಿ ಹೊರದೇಶದ ಕೋರ್ಟುಗಳ ಕಾಗದವೂ ಬರತೊಡಗಿದ್ದವು, ಅವನ್ನು ನಿಭಾಯಿಸುವಷ್ಟು ತಿಳಿವಳಿಕೆ ನನಗಿರಲಿಲ್ಲ. ಬೋಗಾದಿ ಕಡೆಯ ಒಂದು ಕಾನೂನು ಕಾಲೇಜಿನಲ್ಲಿ ಹನ್ನೆರಡು ದಿನದ ಅಂತರರಾಷ್ಟ್ರೀಯ ಬೇಸಿಗೆ ಶಾಲೆ ನಡೆಯುತ್ತದೆ, ವಕೀಲರಿಗೂ ಪ್ರವೇಶವಿದೆ ಎಂದು ಗೊತ್ತಾದಾಗ ಅರ್ಜಿ ಹಾಕಿದೆ. ಕೋರ್ಟಿಗೆ ಹೇಗೂ ರಜೆಯಿತ್ತು.

ಉಳಿದುಕೊಂಡದ್ದು ಗಿರಿಜಮ್ಮ ಎಂಬುವರ ಮನೆಯ ಮಹಡಿ ಕೋಣೆಯಲ್ಲಿ. ಹೈಸ್ಕೂಲೊಂದರ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತರಾದವರು. ಹಣೆ ತುಂಬ ವಿಭೂತಿ, ಕೈಯಲ್ಲಿ ಸದಾ ಸ್ಕೂಟರಿನ ಕೀಲಿ. ನಾನು 'ಹೌದ್ರಿ' ಅಂದಾಗಲೆಲ್ಲ ಅವರಿಗೆ ನಗು. ಮನೆಯಲ್ಲಿ ಮಗಳು ಸುಮ, ಮೊಮ್ಮಗಳು ಇಂಚರ ಇದ್ದರು. ಆರು ವರ್ಷದ ಇಂಚರ ಮೊದಲ ದಿನವೇ ಅಕ್ಕಿರೊಟ್ಟಿಯ ತಟ್ಟೆ ಹಿಡಿದು ಮಹಡಿ ಹತ್ತಿ ಬಂದಳು. ಹತ್ತರವರೆಗೆ ಕನ್ನಡದಲ್ಲಿ ಎಣಿಸಿ, ಅಲ್ಲಿಂದ ಮುಂದೆ ಜರ್ಮನ್ ಭಾಷೆಯಲ್ಲಿ ಎಣಿಸಿದಳು. ಅಪ್ಪ ಎಲ್ಲಿ ಎಂದು ಕೇಳಿದ್ದಕ್ಕೆ, ಜರ್ಮನಿಯಲ್ಲಿದ್ದಾರೆ, ಸಂಜೆ ಫೋನಿನಲ್ಲಿ ಬರುತ್ತಾರೆ ಎಂದಳು. ನಾನು ಹೆಚ್ಚು ಕೇಳಲಿಲ್ಲ. (ಇಲ್ಲಿರುವ ಹೆಸರುಗಳನ್ನು ಬದಲಿಸಿದ್ದೇನೆ. ಬರೆಯಲು ಸುಮ ಅವರ ಒಪ್ಪಿಗೆ ಪಡೆದಿದ್ದೇನೆ.)

ತರಗತಿಯಲ್ಲಿ ಮೂವತ್ತು ಜನ. ನೇಪಾಳ, ಕೀನ್ಯಾ, ಶ್ರೀಲಂಕಾ, ಆಸ್ಟ್ರಿಯಾಗಳಿಂದ ಬಂದವರಿದ್ದರು. ಬಹುತೇಕರು ನನ್ನ ಅರ್ಧ ವಯಸ್ಸಿನವರು. ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಪಾಠ, ಮಧ್ಯಾಹ್ನ ಓದು, ನಾಲ್ಕಕ್ಕೆ ಬಹುತೇಕ ದಿನ ಮಳೆ. ಮೊದಲೆರಡು ದಿನ ಪ್ರಾಧ್ಯಾಪಕರ ಇಂಗ್ಲಿಷಿನ ವೇಗಕ್ಕೆ ನನ್ನ ಪೆನ್ನು ಸಾಲಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಆಸ್ಟ್ರಿಯಾದ ಲೀನಾ ತನ್ನ ಟಿಪ್ಪಣಿಯನ್ನು ನನ್ನ ಕಡೆ ಸರಿಸುತ್ತಿದ್ದಳು. ಅದಕ್ಕೆ ಬದಲಾಗಿ ನಾನು ಅವಳಿಗೆ ಕ್ಯಾಂಟೀನಿನಲ್ಲಿ ಖಾರವಿಲ್ಲದ್ದು ಯಾವುದೆಂದು ತೋರಿಸುತ್ತಿದ್ದೆ.

ಮೂರನೆಯ ದಿನ ಅಣಕು ನ್ಯಾಯಾಲಯದ ವಿಷಯ ಹಂಚಿದರು. ತಂದೆಯ ಒಪ್ಪಿಗೆಯಿಲ್ಲದೆ ತಾಯಿ ಮಗುವನ್ನು ಇನ್ನೊಂದು ದೇಶಕ್ಕೆ ಕರೆತಂದಿದ್ದಾಳೆ. ಮಗುವಿನ ವಿಷಯವನ್ನು ಯಾವ ದೇಶದ ಕೋರ್ಟು ತೀರ್ಮಾನಿಸಬೇಕು? ಮಗು ಬೆಳೆದಿದ್ದ ದೇಶಕ್ಕೇ ಅದನ್ನು ಮೊದಲು ಕಳಿಸಬೇಕು, ಉಳಿದ ಮಾತೆಲ್ಲ ಆಮೇಲೆ ಎಂದು ಹಲವು ದೇಶಗಳು ಒಪ್ಪಂದ ಮಾಡಿಕೊಂಡಿವೆ. ಭಾರತ ಅದಕ್ಕೆ ಸೇರಿಲ್ಲ. ನಮ್ಮ ಕೋರ್ಟುಗಳು ಮಗುವಿನ ಹಿತ ಎಲ್ಲಿದೆ ಎಂದು ನೋಡುತ್ತವೆ. ಚೀಟಿ ಎತ್ತಿದಾಗ ನನಗೂ ಲೀನಾಳಿಗೂ ತಂದೆಯ ಪಕ್ಷ ಬಂತು. ಹದಿನೈದು ವರ್ಷದಲ್ಲಿ ಅಪ್ಪನ ಕಡೆಯಿಂದ ಯೋಚಿಸಿದ್ದೇ ಕಡಿಮೆ. ಮನೆಗೆ ಬಂದು, ಅಭ್ಯಾಸಕ್ಕೆಂದು ಕೋಣೆಯಲ್ಲಿ ನಿಂತು ಗಟ್ಟಿಯಾಗಿ ವಾದ ಮಾಡಿದೆ. ಈ ತಾಯಿ ಮಾಡಿದ್ದು ಅಪಹರಣ, ಮಗುವನ್ನು ಕೂಡಲೇ ವಾಪಸು ಕಳಿಸಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿ ತಿರುಗಿದರೆ, ಕಾಫಿ ಲೋಟ ಹಿಡಿದ ಸುಮ ಬಾಗಿಲಲ್ಲಿ ನಿಂತಿದ್ದರು. ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಇಳಿದು ಹೋದರು.

ಮರುದಿನ ತಿಂಡಿ ಗಿರಿಜಮ್ಮ ತಂದರು. ಇಂಚರ ಮಹಡಿಗೆ ಬರಲಿಲ್ಲ. ಸಂಜೆ ನಾನೇ ಕೆಳಗಿಳಿದು, ಅದು ಪಾಠದ ಭಾಗ, ನಿಮ್ಮನ್ನು ಕುರಿತು ಹೇಳಿದ್ದಲ್ಲ ಎಂದು ಸುಮ ಅವರಿಗೆ ಹೇಳಿದೆ. ಅವರು ಒಣಗಿದ ಬಟ್ಟೆ ಮಡಿಸುತ್ತ ಕೂತಿದ್ದರು.

"ನೀವು ಹೇಳಿದ್ದು ಸುಳ್ಳೇನಲ್ಲ. ಕಾನೂನಿನ ಪ್ರಕಾರ ನಾನು ಕದ್ಕೊಂಡು ಬಂದಿರೋಳೇ ಅಲ್ವಾ?"

ಅವರ ಪಕ್ಕ ಕೂತು ಇಂಚರಳ ಲಂಗ ಮಡಿಸತೊಡಗಿದೆ. ಆಗ ನಿಧಾನವಾಗಿ ಹೇಳಿದರು. ಗಂಡ ನವೀನ್ ಮೈಸೂರಿನದೇ ಹೆಬ್ಬಾಳದ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿದ್ದವರು, ಹೆಂಡತಿ ಮಗುವಿನೊಂದಿಗೆ ಕಂಪನಿಯ ಜರ್ಮನಿಯ ಘಟಕಕ್ಕೆ ಹೋದರು. ಅಲ್ಲಿ ಅವರಿಗೆ ಪಾಳಿ ಕೆಲಸ, ಇವರಿಗೆ ಮಾತಾಡಲು ಯಾರೂ ಇಲ್ಲ. ಹೊಡೆತ ಬಡಿತ ಇರಲಿಲ್ಲ. ಮೌನ ಇತ್ತು, ಆಮೇಲೆ ಜಗಳ. ಒಮ್ಮೆ ನವೀನ್, ಇಷ್ಟವಿಲ್ಲದಿದ್ದರೆ ಹೋಗು ಎಂದರಂತೆ. ರಜೆಗೆಂದು ಮಗುವಿನೊಂದಿಗೆ ಬಂದವರು ಮತ್ತೆ ಹೋಗಲಿಲ್ಲ. ಏಳು ತಿಂಗಳಾಯಿತು. ಅಪ್ಪ ಮಗಳು ದಿನವೂ ಫೋನಿನಲ್ಲಿ ಮಾತಾಡುತ್ತಾರೆ. ಗಂಡ ಹೆಂಡತಿ ಮಾತಾಡುವುದಿಲ್ಲ.

ಎರಡು ವಾರದ ಹಿಂದೆ ಕೊರಿಯರಿನಲ್ಲಿ ಜರ್ಮನಿಯಿಂದ ಕಾಗದ ಬಂದಿತ್ತು. ಸುಮ ಅವರಿಗೆ ಅಂಗಡಿ, ಶಾಲೆಗೆ ಆಗುವಷ್ಟು ಜರ್ಮನ್ ಬರುತ್ತಿತ್ತು. ಮೊದಲ ಪುಟದಲ್ಲಿ 'ಕೋರ್ಟು', 'ಮಗು' ಎಂಬೆರಡು ಪದ ಕಂಡದ್ದೇ ಮಡಚಿ ಬೀರುವಿನಲ್ಲಿಟ್ಟರು. ಪೊಲೀಸರು ಬಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ ಎಂದು ಹೆದರಿ, ಅಂದಿನಿಂದ ಇಂಚರಳನ್ನು ಉದ್ಯಾನಕ್ಕೂ ಕಳಿಸಿರಲಿಲ್ಲ. ತಾಯಿಗೂ ತೋರಿಸಿರಲಿಲ್ಲ.

ಆಸ್ಟ್ರಿಯಾದವರ ಮಾತೂ ಜರ್ಮನ್ನೇ, ಅಲ್ಲಿಯವಳೊಬ್ಬಳು ತರಗತಿಯಲ್ಲಿ ನನ್ನ ಪಕ್ಕವೇ ಕೂರುತ್ತಾಳೆ ಎಂದೆ. ಸುಮ ಒಂದು ದಿನ ಯೋಚಿಸಿ, ಕರೆದುಕೊಂಡು ಬನ್ನಿ ಎಂದರು.

ಭಾನುವಾರ ಮಧ್ಯಾಹ್ನ ಲೀನಾ ಬಂದಳು. ಗಿರಿಜಮ್ಮ ಮಾವಿನಕಾಯಿ ಚಿತ್ರಾನ್ನ, ಶ್ಯಾವಿಗೆ ಪಾಯಸ ಮಾಡಿದ್ದರು. ಊಟವಾದ ಮೇಲೆ ಸುಮ ಕಾಗದ ತಂದು ತಾಯಿಯ ಎದುರಿಗೇ ಮೇಜಿನ ಮೇಲಿಟ್ಟರು. ಇಂಚರ ಲೀನಾಳ ಬೆನ್ನಿಗೆ ಒರಗಿ ಜರ್ಮನ್‌ನಲ್ಲಿ ಏನೋ ವಟಗುಟ್ಟುತ್ತಿದ್ದಳು. ಏಳು ತಿಂಗಳಲ್ಲಿ ಆ ಭಾಷೆಗೆ ಅಪ್ಪನ ಹೊರತು ಯಾರೂ ಸಿಕ್ಕಿರಲಿಲ್ಲವಲ್ಲ. ಅಜ್ಜಿ ಅವಳನ್ನು ಹಿತ್ತಲಿಗೆ ಕಳಿಸಿದರು. ಲೀನಾ ಐದು ಪುಟವನ್ನೂ ಓದಿ, ಇಂಗ್ಲಿಷಿನಲ್ಲಿ ಒಂದೊಂದೇ ವಾಕ್ಯ ಹೇಳಿದಳು. ನಾನು ಗಿರಿಜಮ್ಮನವರಿಗೆ ಕನ್ನಡದಲ್ಲಿ ಹೇಳಿದೆ.

ಅದು ಬಂಧನದ ಆದೇಶವಾಗಿರಲಿಲ್ಲ. ಮಗು ಎಲ್ಲಿರಬೇಕೆಂದು ತೀರ್ಮಾನಿಸುವಂತೆ ನವೀನ್ ಅಲ್ಲಿನ ಕೋರ್ಟನ್ನು ಕೇಳಿದ್ದರು. ವಿಚಾರಣೆಗೆ ಮುಂಚೆ ಇಬ್ಬರೂ ಮಧ್ಯಸ್ಥರ ಮುಂದೆ ಕೂತು ಮಾತಾಡಲು ಸಿದ್ಧರೇ ಎಂದು ಕೋರ್ಟು ಕೇಳಿತ್ತು. ಭಾರತದಿಂದಲೇ ವಿಡಿಯೋದಲ್ಲಿ ಭಾಗವಹಿಸಲು ಕೋರಬಹುದು ಎಂದೂ ಇತ್ತು. ಉತ್ತರ ಕೊಡಲು ಉಳಿದಿದ್ದದ್ದು ಒಂಬತ್ತು ದಿನ. ಉತ್ತರ ಬರದಿದ್ದರೆ ತಾಯಿಯ ಮಾತು ಕೇಳದೆಯೇ ಮುಂದುವರಿಯಬಹುದಿತ್ತು. ಕೊನೆಯ ಪುಟದಲ್ಲಿ ನವೀನರ ಹೇಳಿಕೆ. ಹೆಂಡತಿಗೆ ಶಿಕ್ಷೆಯಾಗುವುದು ನನಗೆ ಬೇಡ, ಹೋಗು ಎಂದವನು ನಾನೇ, ಮಗಳಿಗೆ ಹಲ್ಲು ಬಿದ್ದದ್ದನ್ನು ಫೋನಿನಲ್ಲಿ ನೋಡಬೇಕಾಯಿತು ಎಂದು ಬರೆದಿದ್ದರು.

ಅದನ್ನೂ ಕನ್ನಡದಲ್ಲಿ ಹೇಳಿ ಮುಗಿಸಿದೆ. ಸುಮ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದರು. ಗಿರಿಜಮ್ಮ ಕಾಗದವನ್ನೇ ನೋಡಿ, "ಇಷ್ಟು ದಿನ ಒಬ್ಳೇ ಇಟ್ಕೊಂಡ್ಬುಟ್ಟಿದ್ಯಲ್ಲೇ" ಎಂದರು, ಅಡುಗೆಮನೆಗೆ ಕೇಳುವಂತೆ.

ಹೊರದೇಶದ ಕೋರ್ಟಿಗೆ ಉತ್ತರ ಬರೆಯುವ ಅನುಭವ ನನಗಿರಲಿಲ್ಲ, ಬರೆಯುತ್ತೇನೆ ಎಂದು ಹೇಳುವುದು ತಪ್ಪಾಗುತ್ತಿತ್ತು. ನಮಗೆ ಪಾಠ ಹೇಳುತ್ತಿದ್ದ ಪ್ರಾಧ್ಯಾಪಕಿಯೊಬ್ಬರು ಇಂಥ ಪ್ರಕರಣ ನಡೆಸುವ ಮೈಸೂರಿನ ವಕೀಲೆಯೊಬ್ಬರ ಹೆಸರು ಕೊಟ್ಟರು. ಸೋಮವಾರ ಮಧ್ಯಾಹ್ನ ಗಿರಿಜಮ್ಮನವರ ಸ್ಕೂಟರಿನಲ್ಲಿ ಸುಮ ಅವರ ಹಿಂದೆ ಕೂತು ಆ ವಕೀಲೆಯ ಬಳಿಗೆ ನಾನೂ ಹೋದೆ. ಬುಧವಾರ ಉತ್ತರ ಹೋಯಿತು: ಮಧ್ಯಸ್ಥಿಕೆಗೆ ಒಪ್ಪಿಗೆಯಿದೆ, ವಿಡಿಯೋದಲ್ಲಿ ಹಾಜರಾಗುತ್ತೇನೆ, ಮಗು ಇಲ್ಲಿ ಶಾಲೆಗೆ ಸೇರಿದ್ದಾಳೆ, ಅವಳ ಮಾತನ್ನೂ ಕೇಳಬೇಕು.

ಗುರುವಾರ ನಮ್ಮ ಅಣಕು ನ್ಯಾಯಾಲಯ. 'ಅಪಹರಣ' ಎಂಬ ಪದವನ್ನು ನಾನು ಬಳಸಲಿಲ್ಲ. ಮಗುವಿಗೆ ಒಂದು ಊರು, ಒಂದು ಶಾಲೆ, ಒಬ್ಬ ತಂದೆ ಒಟ್ಟಿಗೇ ಇಲ್ಲವಾದವು; ಅದು ಏನು ಕಳೆದುಕೊಂಡಿತೆಂದು ಹೇಳಬಲ್ಲವರು ಅಲ್ಲಿದ್ದಾರೆ, ಆದ್ದರಿಂದ ಅಲ್ಲಿನ ಕೋರ್ಟು ಕೇಳಲಿ ಎಂದು ವಾದಿಸಿದೆ. ತಾಯಿ ಹಿಂದಿರುಗಿದರೆ ಅವಳಿಗೆ ಮನೆ ಮತ್ತು ರಕ್ಷಣೆ ಸಿಗಬೇಕೆಂಬ ಷರತ್ತನ್ನೂ ಸೇರಿಸಿದೆ. ನಾವು ಸೋತೆವು. ತೀರ್ಪು ಕೊಟ್ಟ ಮೂವರಲ್ಲಿ ಇಬ್ಬರು ತಾಯಿಯ ಕಡೆ ನಿಂತರು. ಲೀನಾ ಮುಖ ಊದಿಸಿಕೊಂಡಳು. ನನಗೆ ಬೇಸರವಾಗಲಿಲ್ಲ. ಊರಿಗೆ ಹೋಗಿ ಹಳೆಯ ಕೆಲವು ಫೈಲುಗಳನ್ನು ಮತ್ತೆ ತೆರೆದು ನೋಡಬೇಕು, ಎದುರು ಕಡೆಯ ಅಪ್ಪಂದಿರು ಏನು ಬರೆದಿದ್ದರೆಂದು, ಅನ್ನಿಸಿತು.

ಶನಿವಾರ ಹೊರಡುವ ದಿನ. ಹಿಂದಿನ ಸಂಜೆ ಇಂಚರಳ ಫೋನಿನ ಸರದಿ ಮುಗಿದ ಮೇಲೆ ಸುಮ ಫೋನನ್ನು ತಾವೇ ತೆಗೆದುಕೊಂಡು ವರಾಂಡಕ್ಕೆ ಹೋಗಿದ್ದರು. ಇಪ್ಪತ್ತು ನಿಮಿಷ ಮಾತಾಡಿದರು. ಜಗಳವೋ ಸಮಾಧಾನವೋ, ನಾವಾರೂ ಕಿವಿಗೊಡಲಿಲ್ಲ. ಬೆಳಿಗ್ಗೆ ನನ್ನ ಚೀಲ ಇಳಿಸಿಕೊಡುತ್ತ ಅವರೇ ಹೇಳಿದರು: ಯಾರೂ ಏನನ್ನೂ ತೀರ್ಮಾನಿಸಿಲ್ಲ. ತಾವು ಹಿಂದಿರುಗುತ್ತಾರೋ ಇಲ್ಲವೋ ತಮಗೇ ಗೊತ್ತಿಲ್ಲ. ಆದರೆ ನವೀನ್ ಜುಲೈನಲ್ಲಿ ಮೂರು ವಾರ ರಜೆ ಹಾಕಿ ಮಗುವನ್ನು ನೋಡಲು ಬರುತ್ತಾರೆ.

ಮುಂದಿನ ಸಲ ಕೋರ್ಟಿನ ಕೆಲಸಕ್ಕೆ ಬಂದರೆ ಇದೇ ಕೋಣೆ ಕೊಡಿ ಎಂದು ನಾನು ಗಿರಿಜಮ್ಮನವರನ್ನು ಕೇಳಿದೆ.

"ಆ ರೂಮು ಇನ್ಮೇಲೆ ಬಾಡಿಗೆಗಿಲ್ಲ ಕಣಮ್ಮ. ಅಳಿಯ ಬರ್ತಾರೆ, ಹೋಟ್ಲಲ್ಲಿ ಇರಿ ಅನ್ನಕ್ಕಾಗುತ್ತಾ? ನೀವು ಬಂದ್ರೆ ನನ್ ಜೊತೆ ಕೆಳಗೇ ಮಲಗೋರಂತೆ."

ಸುಮ ತಾಯಿಯ ಮುಖ ನೋಡಿದರು, ಬೇಡವೆನ್ನಲಿಲ್ಲ. ಆಟೋ ಬಂತು. ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ನಾನು ಹನ್ನೆರಡು ದಿನ ಮಲಗಿದ್ದ ಹಾಸಿಗೆಯನ್ನು ತಾಯಿ ಮಗಳು ಎರಡು ತುದಿ ಹಿಡಿದು ತಾರಸಿಯ ಬಿಸಿಲಿಗೆ ಹಾಕುತ್ತಿದ್ದರು. ಇಂಚರ ಅದರ ಮೇಲೆ ಉರುಳಲು ಕಾದು ನಿಂತಿದ್ದಳು.