ಮೊಮ್ಮಗಳ ಜೀಪಿಗೆ ಟೈರು

ಈಗೀಗ ನಾನು ದಾರಿಯಲ್ಲಿ ಹೋಗುವ ಗಾಡಿಗಳ ಮುಖ ನೋಡುವುದನ್ನು ಬಿಟ್ಟು ಕಾಲು ನೋಡಲು ಶುರು ಮಾಡಿದ್ದೇನೆ. ಮೊನ್ನೆ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಸೊಪ್ಪು ತರಲು ಹೊರಟವಳು, ನಿಲ್ಲಿಸಿದ್ದ ಯಾರದೋ ಕಾರಿನ ಬಳಿ ಬಗ್ಗಿ ಟೈರಿನ ಗೆರೆಯೊಳಗೆ ಬೆರಳಿಟ್ಟು ನೋಡುತ್ತಿದ್ದೆ. ಕಾರಿನವರು ಬಂದು, ಏನಾದರೂ ಬಿದ್ದುಹೋಯಿತೇ ಅಜ್ಜಿ ಎಂದು ಕೇಳಿದರು. ನನ್ನದೇನೂ ಬಿದ್ದಿಲ್ಲ, ನಿಮ್ಮ ಟೈರು ಸವೆದಿದೆ, ಮಳೆ ಜೋರಾಗುವ ಮೊದಲು ಬದಲಾಯಿಸಿ ಎಂದೆ. ಅವರು ನನ್ನನ್ನೂ ನನ್ನ ಸೊಪ್ಪಿನ ಚೀಲವನ್ನೂ ನೋಡಿದರು. ನೋಡಿಕೊಳ್ಳಲಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಜನ್ಮದಲ್ಲಿ ಸೈಕಲ್ ಕೂಡ ಹೊಡೆಯದವಳು ಟೈರಿನ ವಿಷಯ ಮಾತಾಡಬಾರದು ಎಂದು ಎಲ್ಲಿಯೂ ಬರೆದಿಲ್ಲ. ಬರೆದಿದ್ದರೂ ನಾನು ಅಷ್ಟು ದೂರ ಓದಿದವಳಲ್ಲ.

ಇದಕ್ಕೆಲ್ಲ ಕಾರಣ ನನ್ನ ಮೊಮ್ಮಗಳು ಅಕ್ಷತಾ. ಅವಳು ದನದ ಡಾಕ್ಟರ್ ಆಗಿದ್ದಾಳೆ. ಇನ್ನೊಂದು ಸಲ ಬರೆಯುತ್ತೇನೆ, ಪೆನ್ನು ಕಾಗದ ಎರಡೂ ನನ್ನವೇ: ಅವಳು ದನದ ಡಾಕ್ಟರ್ ಆಗಿದ್ದಾಳೆ. ಪಶುವೈದ್ಯೆ ಅನ್ನಿ, ಅದು ಗೌರವ ಎಂದು ಪಕ್ಕದ ಮನೆಯ ಮೇಷ್ಟರು ತಿದ್ದಿದರು. ನನಗೆ ದನದ ಡಾಕ್ಟರೇ ಸರಿ. ಹಾಲಿನವನಿಗೆ ಹೇಳಿದೆ, ಗ್ಯಾಸಿನವನಿಗೆ ಹೇಳಿದೆ, ತಪ್ಪು ನಂಬರಿಗೆ ಫೋನು ಬಂದರೆ ಅವರಿಗೂ ಹೇಳಿದೆ. ಅವಳ ಆಸ್ಪತ್ರೆ ಇರುವುದು ಹೊಳಲೂರಿನ ಆಚೆ ಒಂದು ಹಳ್ಳಿಯಲ್ಲಿ. ಇಲ್ಲಿಂದ ಶಿವಮೊಗ್ಗಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ಯಾವ ರೈತನ ಹಸುವಿಗೆ ಕಾಯಿಲೆಯೋ ಅವನ ಬೈಕಿನ ಹಿಂದಿನ ಸೀಟು. ಮಡಿಲಲ್ಲಿ ಔಷಧದ ಪೆಟ್ಟಿಗೆ. ಬೈಕು ಬರುವುದು ತಡವಾದರೆ ಡಾಕ್ಟರೂ ತಡ. ಹೀಗೆ ಒಂದು ಕರು ಕೈತಪ್ಪಿ ಹೋದ ದಿನ ಅವಳು ರಾತ್ರಿ ಊಟ ಮಾಡಲಿಲ್ಲ.

ಮನೆಯಲ್ಲೋ, ಒಂದು ಜೀಪು ಸುಮ್ಮನೆ ನಿಂತಿತ್ತು. ನಮ್ಮ ಯಜಮಾನರು ಬೆಲ್ಲದ ವ್ಯಾಪಾರದವರು. ಕಬ್ಬಿನ ಗದ್ದೆಯ ನಡುವೆ ಆಲೆಮನೆಗಳಿಗೆ ಹೋಗಲು ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಬೇಕೆಂದು ತಂದಿದ್ದರು. ಅವರು ಹೋದ ಮೇಲೆ ಅದು ಶೆಡ್ಡು ಸೇರಿತು. ನ್ಯೂ ಟೌನಿನ ಒಬ್ಬ ಮೆಕ್ಯಾನಿಕ್ ಬಂದು ಇಂಜಿನ್ನಿಗೆ ಜೀವ ಕೊಟ್ಟ. ಟೈರು ಮಾತ್ರ ಆಗುವುದಿಲ್ಲ ಎಂದ. ಹಲ್ಲೆಲ್ಲ ಗಟ್ಟಿಯಾಗಿಯೇ ಇದೆಯಲ್ಲ ಎಂದು ನನ್ನ ಮಗ ಮಹೇಶ ವಾದಿಸಿದ. ಅಕ್ಷತಾ ಟೈರಿನ ಪಕ್ಕೆಯಲ್ಲಿ ನನ್ನ ಹಿಮ್ಮಡಿಯಂತೆ ಬಿರುಕು ಬಿಟ್ಟಿರುವುದನ್ನು ತೋರಿಸಿದಳು. ಅಲ್ಲೇ ಒತ್ತಿದ್ದ ನಾಲ್ಕು ಅಂಕಿಗಳನ್ನೂ ತೋರಿಸಿ, ಇದು ಯಾವ ವಾರ ಯಾವ ವರ್ಷ ಹುಟ್ಟಿದ್ದು ಎಂದು ಓದಿ ಹೇಳಿದಳು. ಓಡಲಿ ಬಿಡಲಿ, ರಬ್ಬರಿಗೆ ವಯಸ್ಸಾಗುತ್ತದಂತೆ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ನಾನು ಹುಟ್ಟಿದ ವಾರವನ್ನು ಯಾರೂ ಎಲ್ಲಿಯೂ ಒತ್ತಿಡಲಿಲ್ಲ. ನಮ್ಮವ್ವನ ಪ್ರಕಾರ ನಾನು ಅವರೆಕಾಯಿ ಕಾಲದಲ್ಲಿ ಹುಟ್ಟಿದವಳು, ಅಷ್ಟೇ.

ಮಹೇಶನ ತಕರಾರು ಟೈರಿನ ಮೇಲಲ್ಲ. ಅವನಿಗೆ ಪಾತ್ರೆ ಅಂಗಡಿ ಇದೆ. ಒಂದು ಲೋಟ ಕೆಳಗೆ ಬಿದ್ದರೂ ಬೆಚ್ಚುವ ಸ್ವಭಾವ. ಮಗಳು ಒಬ್ಬಳೇ ಗದ್ದೆ ಬದುವಿನಲ್ಲಿ ಜೀಪು ಓಡಿಸುವುದನ್ನು ನೆನೆದೇ ಅವನಿಗೆ ನಿದ್ದೆ ಹೋಗಿತ್ತು. ಶಿವಮೊಗ್ಗದ ಆಫೀಸಿಗೆ ಬದಲಿ ಕೇಳು, ಫ್ಯಾನಿನ ಕೆಳಗೆ ಕುಳಿತು ಫೈಲು ನೋಡು ಎಂದು ದಿನಾ ಹೇಳುತ್ತಿದ್ದ. ನಾನೂ ಮೊಮ್ಮಗಳೂ ಜಗ್ಗದಿದ್ದಾಗ ಬೇರೆ ದಾರಿ ಹಿಡಿದ. ಆಗಲಿ, ಟೈರು ಹಾಕಿಸೋಣ, ಆದರೆ ಟಾರು ರಸ್ತೆಯದು, ನುಣುಪಿನದು, ಸದ್ದಿಲ್ಲದ್ದು ಎಂದ. ನನಗೆ ತಕ್ಷಣ ಹೊಳೆಯಿತು. ಆ ಟೈರು ಹಾಕಿದರೆ ಟಾರು ಮುಗಿದಲ್ಲಿ ಅವಳ ಕೆಲಸವೂ ಮುಗಿಯುತ್ತದೆ. ಆಮೇಲೆ ಆಫೀಸೇ ಗತಿ. ನಮ್ಮ ಕಾಲದಲ್ಲಿ ಹುಡುಗಿಯರನ್ನು ನಿಲ್ಲಿಸಲು ಬಾಗಿಲಿಗೆ ಚಿಲಕ ಹಾಕುತ್ತಿದ್ದರು. ಈಗಿನವರು ಚಕ್ರಕ್ಕೆ ನುಣುಪು ಟೈರು ಹಾಕಿಸುತ್ತಾರೆ.

"ಮಹೇಶ, ಹಸು ಟಾರು ರೋಡಿಗೆ ಬಂದು ಕಾಯಿಲೆ ಬೀಳಲ್ಲ ಕಣೋ," ಎಂದೆ.

"ಜೀಪು ಕೆಸರಲ್ಲಿ ಹೂತ್ಕೊಂಡ್ರೆ ತಳ್ಳೋಕೆ ನೀನು ಹೋಗ್ತೀಯ?"

"ಹೋಗ್ತೀನಿ. ಈಗ ಟೈರಿನಂಗಡಿಗೂ ಬರ್ತೀನಿ."

ಹಾಗೆ ನಾವು ಮೂವರೂ ಶಿವಮೊಗ್ಗಕ್ಕೆ ಹೋದೆವು. ಟೈರಿನಂಗಡಿ ಎಂದರೆ ಒಂದು ಲೋಕ. ಹೊಸ ರಬ್ಬರಿನ ವಾಸನೆ, ಗೋಡೆಯುದ್ದಕ್ಕೂ ಕಪ್ಪು ಕೋಡುಬಳೆಗಳಂತೆ ಪೇರಿಸಿದ ರಾಶಿ. ಅಂಗಡಿಯ ಅನ್ವರ್ ಸಾಬರು ಒಳ್ಳೆಯ ಮನುಷ್ಯ. ನನಗೆ ಕುರ್ಚಿ ಹಾಕಿದರು, ಚಹಾ ತರಿಸಿದರು, ಆಮೇಲೆ ಎಲ್ಲ ಮಾತನ್ನೂ ಮಹೇಶನೊಡನೆ ಆಡಿದರು. ಓಡಿಸುವವಳು ಇವಳು, ಇವಳನ್ನು ಕೇಳಿ ಎಂದು ನಾನು ಎರಡು ಸಲ ಹೇಳಬೇಕಾಯಿತು. ಮೂರನೆಯ ಸಲಕ್ಕೆ ಕುರ್ಚಿಯನ್ನೇ ಎತ್ತಿ ನಡುವೆ ಹಾಕಿಕೊಂಡು ಕುಳಿತೆ.

ಟೈರಿನಲ್ಲಿ ಮುಖ್ಯವಾಗಿ ಮೂರು ಜಾತಿ. ನುಣುಪಿನದು ರಸ್ತೆಗೆ. ಬೆಲ್ಲದ ಅಚ್ಚಿನಷ್ಟು ದಪ್ಪ ಗಟ್ಟಿಗಳಿರುವುದು ಕೆಸರಿಗೆ. ಇವೆರಡರ ನಡುವಿನದು ಎರಡಕ್ಕೂ. ಅಕ್ಷತಾ ನನಗೆ ಗೊರಸಿನ ಲೆಕ್ಕದಲ್ಲಿ ತಿಳಿಸಿದಳು. ಕುದುರೆಯದು ಒಂದೇ ಗೊರಸು, ಗಟ್ಟಿ ನೆಲದಲ್ಲಿ ಓಡಲಿಕ್ಕೆ. ಎಮ್ಮೆಯದು ಅಗಲ, ಸೀಳು. ಕೆಸರಲ್ಲಿ ಇಟ್ಟರೆ ಬಿಚ್ಚಿಕೊಳ್ಳುತ್ತದೆ, ಎತ್ತಿದರೆ ಕೆಸರನ್ನು ಬಿಟ್ಟುಬಿಡುತ್ತದೆ. ಟೈರೂ ಹಾಗೆಯೇ, ಹಿಡಿಯುವುದಷ್ಟೇ ಅಲ್ಲ, ಹಿಡಿದದ್ದನ್ನು ಬಿಡಲೂ ಕಲಿತಿರಬೇಕು. ಈ ಮಾತಿನಲ್ಲಿ ಸಂಸಾರಕ್ಕೂ ಏನೋ ಇದೆ ಅನ್ನಿಸಿ ಮಹೇಶನ ಕಡೆ ನೋಡಿದೆ. ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

ವಾದ ಬಿಗಿಯಾದಾಗ ಮಹೇಶ ರಾಜಿಗೆ ಬಂದ. ಹಿಂದೆ ಎರಡು ಅಮ್ಮನ ಇಷ್ಟದ್ದು, ಮುಂದೆ ಎರಡು ನನ್ನ ಇಷ್ಟದ್ದು ಎಂದ. ನಮ್ಮ ಮನೆಯಲ್ಲಿ ಎಲ್ಲ ಜಗಳವೂ ಹೀಗೆಯೇ ಮುಗಿಯುವುದು. ಸಾರಿಗೆ ಅರ್ಧ ಅವನ ಖಾರ, ಅರ್ಧ ನನ್ನದು. ಆದರೆ ಅಕ್ಷತಾ ತಲೆ ಅಲ್ಲಾಡಿಸಿದಳು. ನಾಲ್ಕೂ ಚಕ್ರ ಒಟ್ಟಿಗೆ ಎಳೆಯುವ ಗಾಡಿಗೆ ನಾಲ್ಕೂ ಒಂದೇ ಅಳತೆ, ಒಂದೇ ಜಾತಿ ಇರಬೇಕು. ಒಂದು ಜೋಡಿ ಹೆಚ್ಚು ಸುತ್ತಿ ಇನ್ನೊಂದು ಕಡಿಮೆ ಸುತ್ತಿದರೆ ಒಳಗಿನ ಗೇರು ಹಾಳಾಗುತ್ತದೆ. ಅನ್ವರ್ ಸಾಬರು, ಬೇಟಿ ಹೇಳಿದ್ದು ಬರೋಬರ್, ನಾನು ಹಾಗೆ ಹಾಕಿಕೊಡುವುದಿಲ್ಲ ಎಂದರು. ಎತ್ತರದ ಎತ್ತಿಗೂ ಗಿಡ್ಡ ಎತ್ತಿಗೂ ಒಂದೇ ನೊಗ ಹಾಕಿದ್ದನ್ನು ನೋಡಿದವಳಿಗೆ ಇದು ಹೊಸದೇನಲ್ಲ.

ಗೆದ್ದೆ ಎಂದುಕೊಂಡೆ. ಎದ್ದು ಹೋಗಿ ಅಂಗಡಿಯಲ್ಲೇ ಅತಿ ಉಗ್ರವಾಗಿ ಕಾಣುವ ಕೆಸರಿನ ಟೈರಿನ ಮೇಲೆ ಕೈಯಿಟ್ಟು, ಇದೇ ಇರಲಿ ಎಂದು ಘೋಷಿಸಿದೆ.

"ಬೇಡ ಅಜ್ಜಿ," ಎಂದಳು ಮೊಮ್ಮಗಳು.

"ಯಾಕೆ ಮಾರಾಯ್ತಿ? ನಿನಗೋಸ್ಕರ ತಾನೆ ನಾನು ಕಾದಾಡ್ತಿರೋದು?"

"ದಿನಾ ಟಾರಲ್ಲೇ ಅಷ್ಟು ದೂರ ಹೋಗ್ಬೇಕು. ಇದು ಗುಂಯ್ ಅಂತದೆ, ಒದ್ದೆ ರೋಡಲ್ಲಿ ಬ್ರೇಕೂ ಸರಿ ಹಿಡಿಯಲ್ಲ. ನಡುವಿಂದೇ ಸಾಕು. ಓಡ್ಸೋಳು ನಾನಲ್ವಾ?"

ನಾನು ಕುರ್ಚಿಗೆ ಮರಳಿದೆ. ಚಹಾ ಆರಿತ್ತು. ಎರಡು ನಿಮಿಷ ಮುಖ ದಪ್ಪ ಮಾಡಿಕೊಂಡೇ ಇದ್ದೆ. ಅಪ್ಪನ ನುಣುಪು ಬೇಡ, ಅಜ್ಜಿಯ ಉಗ್ರವೂ ಬೇಡ ಎನ್ನುವ ಈ ಹುಡುಗಿಗೆ ಎಷ್ಟು ಧೈರ್ಯ. ಮೂರನೆಯ ನಿಮಿಷಕ್ಕೆ ಹೊಟ್ಟೆಯೊಳಗಿಂದ ಸಂತೋಷ ಉಕ್ಕಿ ಬಂತು. ನನ್ನ ಮಾತನ್ನು ಈ ಮನೆಯಲ್ಲಿ ಯಾರೂ ಅಷ್ಟು ಮೆಲ್ಲಗೆ, ಅಷ್ಟು ಗಟ್ಟಿಯಾಗಿ ತಳ್ಳಿಹಾಕಿದ್ದಿಲ್ಲ. ನನ್ನನ್ನೇ ಎದುರಿಸಿದವಳು ಇನ್ನು ಯಾವ ಗೂಳಿಗೆ ಹೆದರುತ್ತಾಳೆ? ನಡುವಿನದೇ ಆಯಿತು, ಸ್ಟೆಪ್ನಿಯೂ ಸೇರಿ.

ಹತ್ತು ದಿನವೂ ಆಗಿರಲಿಲ್ಲ, ಒಂದು ಭಾನುವಾರ ಮಳೆ ನಿಂತ ಮಧ್ಯಾಹ್ನ ಫೋನು ಬಂತು. ಚಾನಲ್ ಕಾಲುವೆಯ ಏರಿಯ ಆಚೆ ಗದ್ದೆ ಮನೆಯಲ್ಲಿ ಹಸು ಬೆಳಗಿನಿಂದ ನೋವು ತಿನ್ನುತ್ತಿದೆ, ಕರುವಿನ ಕಾಲು ಅಡ್ಡ ಬಂದಿದೆ, ಬೈಕು ಹೋಗುವ ಹಾಗಿಲ್ಲ. ಮಹೇಶ ಬಾಗಿಲಲ್ಲಿ ನಿಂತ. ಬೇಡ ಎಂದು ಹೇಳಲು ಬಾಯಿ ತೆರೆದವನು, ನಾನು ಆಗಲೇ ಜೀಪು ಹತ್ತಿ ಕುಳಿತಿದ್ದನ್ನು ಕಂಡು ಮುಚ್ಚಿದ. ತಳ್ಳಲು ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದೆನಲ್ಲ.

ಏರಿಯಿಂದ ಇಳಿದ ಮೇಲೆ ರಸ್ತೆಯೇ ಇರಲಿಲ್ಲ, ಕಲಸಿದ ರಾಗಿ ಹಿಟ್ಟಿತ್ತು. ಮೊಮ್ಮಗಳು ಜೀಪು ನಿಲ್ಲಿಸಿ, ನಾಲ್ಕೂ ಚಕ್ರ ಎಳೆಯುವಂತೆ ಮಾಡುವ ಸಣ್ಣ ಗೇರೊಂದನ್ನು ಎಳೆದಳು. ನಾನು ಕಣ್ಣು ಮುಚ್ಚಿದೆ. ಇದನ್ನು ಮಹೇಶನಿಗೆ ಯಾರೂ ಹೇಳಬೇಡಿ. ಜೀಪು ಒಂದು ಸಲ ಬಲಕ್ಕೆ ಜಾರಿತು, ಗುರುಗುಟ್ಟಿತು, ಆಮೇಲೆ ಎಮ್ಮೆ ನೀರಿಗಿಳಿದಂತೆ ನಿಧಾನವಾಗಿ, ಯಾರ ಅಪ್ಪಣೆಯನ್ನೂ ಕೇಳದೆ ನಡೆದು ಆಚೆ ದಡ ಮುಟ್ಟಿತು. ತಳ್ಳುವ ಭಾಗ್ಯ ನನಗೆ ಸಿಗಲಿಲ್ಲ. ಹಸುವಿನ ಯಜಮಾನ ಓಡಿ ಬಂದು ಜೀಪಿನೊಳಗೆಲ್ಲ ಹಣಕಿ, ಡಾಕ್ಟ್ರು ಬರಲಿಲ್ವಾ ಅಮ್ಮ ಎಂದು ನನ್ನನ್ನು ಕೇಳಿದ.

"ಸ್ಟೇರಿಂಗ್ ಹಿಡ್ಕೊಂಡು ಬಂದ್ರಲ್ಲಪ್ಪ, ಅವರೇ. ಬಿಸಿನೀರು ತಗೊಂಡು ಬಾ."

ಮುಕ್ಕಾಲು ಗಂಟೆಯ ಮೇಲೆ ಕರು ಹೊರಬಂತು. ಹೆಣ್ಣು. ಮೊಣಕೈವರೆಗೂ ರಕ್ತ ಮೆತ್ತಿದ ನನ್ನ ಮೊಮ್ಮಗಳು ಅದರ ಮೂಗು ಒರೆಸುತ್ತಿದ್ದರೆ ನನಗೆ ಅಳು ಬಂತು. ಹಸುವಿನ ಯಜಮಾನನಿಗೂ ಬಂತು. ಇಬ್ಬರೂ ತಪ್ಪನ್ನು ಸಗಣಿ ವಾಸನೆಯ ಮೇಲೆ ಹಾಕಿದೆವು.

ಮರುದಿನ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಹೊರಗೆ ಬಂದರೆ, ಮಹೇಶ ಅಂಗಡಿಗೆ ಹೋಗುವ ಇಸ್ತ್ರಿ ಶರ್ಟಿನಲ್ಲೇ ಜೀಪಿನ ಪಕ್ಕ ಗಿಡ್ಡ ಸ್ಟೂಲು ಹಾಕಿಕೊಂಡು ಕುಳಿತಿದ್ದ. ಕೈಯಲ್ಲಿ ಸ್ಕ್ರೂಡ್ರೈವರು. ಟೈರಿನ ಸಂದಿಗಳಲ್ಲಿ ಸಿಕ್ಕಿಕೊಂಡ ಕಲ್ಲುಗಳನ್ನು ಒಂದೊಂದಾಗಿ ಕಿತ್ತು, ಬೆರಳಿನಿಂದ ಕೆಸರು ಒರೆಸಿ, ಏನಾದರೂ ಚುಚ್ಚಿದೆಯೇ ಎಂದು ಬಗ್ಗಿ ನೋಡುತ್ತಿದ್ದ. ನನ್ನನ್ನು ಕಂಡೂ ಕಾಣದವನಂತೆ ಇದ್ದ. ಇಂಥ ಹೊತ್ತಿನಲ್ಲಿ ದೊಡ್ಡವರಾದವರು ಸುಮ್ಮನೆ ಒಳಗೆ ಹೋಗಬೇಕು. ನಾನೂ ಹೋದೆ. ಅಡುಗೆಮನೆಯವರೆಗೂ ಹೋದೆ. ತಡೆಯಲಾಗದೆ ವಾಪಸು ಬಂದೆ.

"ಮುಂದಿನ ಎಡಗಡೆದು ಬಿಟ್ಟಿದೀಯ ನೋಡು," ಎಂದೆ.

ಅವನು ತಲೆ ಎತ್ತಲಿಲ್ಲ. ಸ್ಟೂಲನ್ನು ಎಳೆದುಕೊಂಡು ಆ ಚಕ್ರದ ಕಡೆಗೆ ಹೋದ.