ಇಂಗ್ಲೆಂಡಿನ ಸೋದರಳಿಯ

ಮಾವ ಬೀಗದಕೈ ಕೊಟ್ಟಾಗ ನಾನು ಎರಡೂ ಕೈ ಚಾಚಿದೆನೋ, ಒಂದೇ ಕೈಯೋ ನೆನಪಿಲ್ಲ. ನೆನಪಿಲ್ಲ ಎಂದು ಬರೆದರೆ ಬರೆಯುವವನಿಗೆ ಸುಲಭ. ಬೇಡ ಅನ್ನಲಿಲ್ಲ ಎಂಬುದಂತೂ ಖಂಡಿತ.

ಮಾವ ಎಂದರೆ ಅಮ್ಮನ ಅಣ್ಣ. ಇಲ್ಲಿ ಮಲಯರ ನಾಡಿನ ಬ್ರಿಕ್‌ಫೀಲ್ಡ್ಸಿನಲ್ಲಿ ಅವರದೊಂದು ತಿಂಡಿ ಅಂಗಡಿ. ಎಂಟು ಮೇಜು, ಬಾಗಿಲ ಪಕ್ಕದ ಗಲ್ಲಾಪೆಟ್ಟಿಗೆಯ ಹಿಂದೆ ಒಂದು ಎತ್ತರದ ಮರದ ಕುರ್ಚಿ. ಅಲ್ಲಿ ಮಾವ ಬಿಟ್ಟು ಬೇರೆ ಯಾರೂ ಕೂತದ್ದನ್ನು ನಾನು ಕಂಡಿರಲಿಲ್ಲ. ಕರಾವಳಿಯ ನಮ್ಮ ಬಂಟ ಮನೆತನಗಳಲ್ಲಿ ಅಳಿಯಕಟ್ಟು ನಡೆಯುತ್ತಿತ್ತು: ಗಂಡಸಿನದ್ದು ಅವನ ಮಕ್ಕಳಿಗಲ್ಲ, ಒಡಹುಟ್ಟಿದವಳ ಮಕ್ಕಳಿಗೆ. ಕಾನೂನು ಅದನ್ನು ಎಂದೋ ಕೈಬಿಟ್ಟಿದೆ. ಮಾವ ಬಿಟ್ಟಿರಲಿಲ್ಲ. ಹೃದಯದ ಆಪರೇಷನ್ ಮುಗಿಸಿ ಮನೆಗೆ ಬಂದ ವಾರವೇ ಅಂಗಡಿಗೆ ಬಂದು, ವೀಳ್ಯದೆಲೆಯ ಮೇಲೆ ಅಡಿಕೆ, ಅಡಿಕೆಯ ಪಕ್ಕ ಶಟರಿನ ಬೀಗದಕೈ ಇಟ್ಟು ನನ್ನ ಮುಂದೆ ಹಿಡಿದರು. ಅಡುಗೆಕೋಣೆಯ ಕಿಂಡಿಯಿಂದ ಅವರ ಮಗಳು ನೋಡುತ್ತಿದ್ದಳು.

ಅವಳು ಶಾಲೆಗೆ ಹೋಗುತ್ತಿದ್ದ ದಿನಗಳಿಂದ ಆ ಅಂಗಡಿಯಲ್ಲಿ ದುಡಿದವಳು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮೂಲೆಯ ಮೇಜಿನಲ್ಲಿ ಹೈಸ್ಕೂಲು ಮಕ್ಕಳಿಗೆ ಇತಿಹಾಸದ ಟ್ಯೂಷನ್ ಹೇಳುತ್ತಾಳೆ. ನಾನು ಬಾಂಗ್ಸಾರಿನ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವನು. ಇಡ್ಲಿ ಹಿಟ್ಟು ಎಷ್ಟು ಹೊತ್ತಿಗೆ ಉಬ್ಬುತ್ತದೆ ಎಂಬುದೂ ನನಗೆ ಗೊತ್ತಿಲ್ಲ.

ಇನ್ನೊಂದು ವಿಷಯವಿದೆ. ನನಗೆ ಇಲ್ಲಿ ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ ಸಿಕ್ಕಿದ ದಿನ, ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ಟೀ ಕುಡಿಯುತ್ತಾ, ಅವಳಿಗೆ ಹೇಳಿದ್ದೆ: "ಅಂಗಡಿ ನಿಂದೇ ಮಾರಾಯ್ತಿ. ನಾನು ನಡುವೆ ಬರುದಿಲ್ಲ." ಇದನ್ನು ಮೂರು ಬಗೆಯಲ್ಲಿ ಬರೆದು ನೋಡಿದ್ದೇನೆ. ಒಂದರಲ್ಲಿ ಅವಳು ಕೇಳಿದ್ದಕ್ಕೆ ಹೇಳಿದೆ. ಒಂದರಲ್ಲಿ ಕೇಳದೆಯೇ ಹೇಳಿದೆ. ಮೂರನೆಯದರಲ್ಲಿ ನಗುತ್ತಾ ಹೇಳಿದೆ, ಆಮೇಲೆ ತಮಾಷೆಗೆ ಅಂದದ್ದು ಎಂದು ಜಾರಿಕೊಳ್ಳಲು ಬರುವಂತೆ. ಮೂರರಲ್ಲೂ ಮಾತು ಅದೇ.

ಬೀಗದಕೈ ನನ್ನ ಪ್ಯಾಂಟಿನ ಜೇಬಿಗೆ ಬಂದು ಎಂಟು ದಿನ ಆಗಿತ್ತು. ಎತ್ತರದ ಕುರ್ಚಿ ಖಾಲಿ ಇತ್ತು. ಅದರಲ್ಲಿ ಕೂರಲು ನನಗೆ ಮನಸ್ಸು ಬರಲಿಲ್ಲ, ಮಾವ ಕೂರಲಿಲ್ಲ, ಅವಳನ್ನು ಯಾರೂ ಕೂರು ಅನ್ನಲಿಲ್ಲ. ಆ ಶನಿವಾರ ಮಧ್ಯಾಹ್ನ ಅವಳು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಎದುರಿಗೆ ನಾನು ಮತ್ತು ಮಾವ.

"ಎಂತ ಅಷ್ಟು ಕೆಂಪು ಗೀಟು?" ಮಾವ ಕೇಳಿದರು.

"ಇಂಗ್ಲೆಂಡಿನ ಹಳೇ ರಾಜರ ಪಾಠ ಅಪ್ಪ. ಒಬ್ಬ ರಾಜನ ಒಬ್ಬನೇ ಮಗ ಹಡಗು ಮುಳುಗಿ ಸತ್ತ. ಉಳಿದದ್ದು ಮಗಳು. ನನ್ನ ನಂತರ ಇವಳೇ ಅಂತ ರಾಜ ಸರದಾರರ ಹತ್ರ ಎಲ್ಲ ಆಣೆ ಮಾಡಿಸಿದ. ಅವನು ಸತ್ತ ಕೂಡ್ಲೇ ಸೋದರಳಿಯ ಸಮುದ್ರ ದಾಟಿ ಬಂದು ಕಿರೀಟ ಹಾಕಿಕೊಂಡ. ಹಕ್ಕು ಯಾರದ್ದು ಅಂತ ಪ್ರಶ್ನೆ."

"ಅಳಿಯ ಅಂದ್ರೆ ಒಡಹುಟ್ಟಿದವಳ ಮಗ ತಾನೆ?"

"ಹೌದು."

"ಮತ್ತೆ ಪ್ರಶ್ನೆ ಎಂತದು ಇದರಲ್ಲಿ? ಅವನದ್ದೇ. ಹಾಗೆ ಬರೆದವರಿಗೆ ಫುಲ್ ಮಾರ್ಕ್ ಕೊಡು."

"ಇಂಗ್ಲೆಂಡಲ್ಲಿ ಬಂಟರು ಇರ್ಲಿಲ್ಲ ಅಪ್ಪ."

"ಇದ್ದಿದ್ರೆ ಜಗಳವೇ ಆಗ್ತಿರ್ಲಿಲ್ಲ. ಇಲ್ಲೇ ಸೆರೆಂಬನ್ ಕಡೆ ಮಲಯರಲ್ಲೂ ಉಂಟು, ಹೆಂಗಸಿನ ಕಡೆಯಿಂದ ಹೋಗುದು."

"ಅಲ್ಲಿ ಮಗಳಿಗೆ ಸಿಗುದು. ಅಳಿಯನಿಗೆ ಅಲ್ಲ."

ಮಾವ ನಕ್ಕರು. ನಾನೂ ನಕ್ಕೆ. ಅವಳು ಮುಂದಿನ ಪತ್ರಿಕೆ ಎಳೆದುಕೊಂಡು, ತಲೆ ಎತ್ತದೆ ಹೇಳಿದಳು: "ಆಣೆ ಮಾಡಿದವರಲ್ಲಿ ಆ ಅಳಿಯನೂ ಇದ್ದ. ಎಲ್ಲರಿಗಿಂತ ಮುಂದೆ ನಿಂತು ಮಾಡಿದ್ದ."

ನನ್ನ ಟೀ ಕೆನೆಗಟ್ಟಿತು. ಮಾವ ನನ್ನ ಮುಖ ನೋಡಿದರು, ಆಮೇಲೆ ಅವಳದ್ದು. ಅವರಿಗೆ ಎಲ್ಲ ಅರ್ಥವಾಯಿತು ಎಂದು ಈಗ ಅನ್ನಿಸುತ್ತದೆ. ಆಗ ಹಾಗನ್ನಿಸಿತ್ತೋ ಗೊತ್ತಿಲ್ಲ.

"ನನಗೆ ಇದನ್ನು ಕೊಟ್ಟದ್ದು ನನ್ನ ಸೋದರಮಾವ," ಎಂದರು ಮಾವ. "ಅವರಿಗೆ ಮೂರು ಹೆಣ್ಣುಮಕ್ಕಳು, ಕ್ಲಾಂಗಿನಲ್ಲಿ. ಆ ರಾಜನ ಮಗಳದ್ದು ಹಕ್ಕು ಅಂತಾದ್ರೆ, ನಾನು ಕದ್ದವ ಆಗ್ತೇನೆ."

ನಾನು ಹಟ ಎಂದುಕೊಂಡದ್ದು ಹೆದರಿಕೆಯಾಗಿತ್ತು. ಆಪರೇಷನ್ ಕೋಣೆಗೆ ಹೋಗುವಾಗಲೂ ಅವರ ಮುಖದಲ್ಲಿ ಅದನ್ನು ನಾನು ನೋಡಿರಲಿಲ್ಲ.

"ಕೊಟ್ಟದ್ದನ್ನು ತಕೊಂಡ್ರಿ ಅಪ್ಪ. ಕದ್ದದ್ದಲ್ಲ."

"ಆ ಮೂವರು ಒಂದು ಮಾತೂ ಆಡ್ಲಿಲ್ಲ ಗೊತ್ತುಂಟಾ."

"ನಾನು ಆಡಿದ್ದೇನಾ?"

ಮಾವ ಮೇಜಿನ ಮೇಲಿದ್ದ ಒದ್ದೆ ಲೋಟದ ಗುರುತನ್ನು ಬೆರಳಿನಿಂದ ಒರೆಸಿದರು. "ಕೊನೆಗೆ ಎಂತ ಆಯ್ತು ಅವರದ್ದು?"

"ಎಷ್ಟೋ ವರ್ಷ ಯುದ್ಧ. ಆಮೇಲೆ ರಾಜಿ. ಸಾಯುವವರೆಗೆ ಅಳಿಯನೇ ರಾಜ, ನಂತರ ಇವಳ ಮಗ."

"ಹಾಗಾದ್ರೆ ಇವಳ ಕಡೆಗೇ ಬಂತಲ್ಲ."

"ಮಗನಿಗೆ ಬಂತು. ಅವಳ ತಲೆಗೆ ಒಂದು ದಿನವೂ ಕಿರೀಟ ಬರ್ಲಿಲ್ಲ."

ನಾನು ಬೀಗದಕೈ ತೆಗೆದು ಅವಳ ಮುಂದಿಟ್ಟೆ. "ತಕೋ."

"ನಿಮ್ಮ ಕೈಯಿಂದ ಬೇಡ ಭಾವ." ಸಿಟ್ಟಿನಿಂದ ಹೇಳಲಿಲ್ಲ.

"ಎಲೆಯಡಿಕೆ ಇಟ್ಟು ಕೊಟ್ಟದ್ದನ್ನು ನಾನು ವಾಪಸ್ ತಕೊಳ್ಳುದಿಲ್ಲ," ಎಂದರು ಮಾವ.

ಬೀಗದಕೈ ಮೂವರ ನಡುವೆ ಬಿದ್ದಿತ್ತು. ಅಷ್ಟರಲ್ಲಿ ಯಾರೋ ಬಂದು ನಾಲ್ಕು ವಡೆ ತಪಾವ್ ಮಾಡಿಕೊಡಿ ಎಂದರು. ಅವಳು ಎದ್ದು ಹೋಗಿ ಪಾರ್ಸೆಲ್ ಕಟ್ಟತೊಡಗಿದಳು. ಮಾವ ಮೇಜು ಹಿಡಿದು ನಿಧಾನಕ್ಕೆ ಎದ್ದರು. ಎದೆಯ ಹೊಲಿಗೆ ಇನ್ನೂ ಎಳೆಯುತ್ತಿತ್ತು. ಬೀಗದಕೈ ಎತ್ತಿಕೊಂಡು, ಅವಳು ಕೂತಿದ್ದ ಕಡೆಗೆ ಸುತ್ತಿ ಹೋಗಿ, ಅವಳ ಉತ್ತರಪತ್ರಿಕೆಗಳ ಕಟ್ಟಿನ ಮೇಲೆ ಇಟ್ಟರು.

"ಫ್ಯಾನಿಗೆ ಹಾರ್ತದೆ ಕಾಗದ," ಎಂದರು ನನಗೆ.

ಅವಳು ಬಂದು ಅದನ್ನು ನೋಡಿದಳು. ಅಪ್ಪನನ್ನು ನೋಡಿದಳು. ಮಾವ ರಸ್ತೆ ನೋಡುತ್ತಿದ್ದರು. ಅವಳು ಕೈ ಒರೆಸಿಕೊಂಡು ಬೀಗದಕೈಯನ್ನು ಸೆರಗಿನ ತುದಿಗೆ ಕಟ್ಟಿದಳು. ಇಲ್ಲ, ಶನಿವಾರ ಅವಳು ಸೀರೆ ಉಡುವುದಿಲ್ಲ. ಎಲ್ಲಿಟ್ಟಳೋ, ಇಟ್ಟುಕೊಂಡಳು.

ಈಗ ಬೆಳಿಗ್ಗೆ ಶಟರ್ ಎತ್ತುವುದು ಅವಳೇ. ಎತ್ತರದ ಕುರ್ಚಿಗೆ ಒಂದು ದಿಂಬು ಬಂದಿದೆ. ಮಾವ ಎರಡನೇ ಮೇಜಿನಲ್ಲಿ ಕೂತು, ಸಾಂಬಾರಿಗೆ ಉಪ್ಪು ಕಡಿಮೆ ಎಂದು ಅವಳಿಗೆ ಕೇಳುವಂತೆ ನನಗೆ ಹೇಳುತ್ತಾರೆ.

ಬರೆದಷ್ಟನ್ನು ಅವಳಿಗೆ ಓದಿ ಹೇಳಿದೆ. ಮಾಮಕ್ ಅಂಗಡಿಯ ಮಾತಿನ ಬಗ್ಗೆ ಏನೂ ಅನ್ನಲಿಲ್ಲ. ಒಂದನ್ನು ಮಾತ್ರ ತಿದ್ದಿದಳು.

"ಆ ವಾರ ಫ್ಯಾನ್ ಕೆಟ್ಟಿತ್ತು ಭಾವ. ಎಲ್ಲರೂ ಬೆವರ್ತಾ ಕೂತದ್ದು ನೆನಪಿಲ್ವಾ?"