ಮಾಸಿನ ಕಾವಲು, ಗಿರಿಜಮ್ಮನ ಕಷಾಯ

2022ರ ಡಿಸೆಂಬರಿನಲ್ಲಿ ನಾನು ಕೋಲ್ಕತ್ತದ ಒಂದು ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಹಿರಿಯ ವೈದ್ಯೆಯಾಗಿದ್ದೆ. ಇಪ್ಪತ್ತೆರಡು ವರ್ಷಗಳ ಅನುಭವವಿತ್ತು. ಜತೆಗೆ ಎಲ್ಲ ಗೊತ್ತೆಂಬ ಸಣ್ಣ ಜಂಬವೂ ಇತ್ತು.

ಸುಪ್ರಿಯಾ ಅಲ್ಲಿನ ಗರಿಯಾಹಾಟ್ ಬಡಾವಣೆಯಲ್ಲಿ ಹೋಟೆಲು ನಡೆಸುವ ಉಡುಪಿ ಕಡೆಯವರ ಮನೆಯ ಸೊಸೆ. ಆಕೆಗೆ ಲೂಪಸ್, ಅಂದರೆ ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ. ಎರಡು ಬಾರಿ ಗರ್ಭಪಾತವಾಗಿತ್ತು. ಮೂರನೆಯ ಸಲ ಬಸಿರಾಗಿ, ಆ ಕಾಯಿಲೆಗೆ ಕೊಡುವ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಮಗುವಿಗೆ ತಾಕೀತೆಂದು ನುಂಗಲು ಹೆದರಿ ಕೂತಿದ್ದಳು.

"ಭಯ ಬೇಡ. ಮಾಸಿನಲ್ಲಿ, ಅಂದ್ರೆ ಪ್ಲಾಸೆಂಟಾದಲ್ಲಿ, ಒಂದು ಕಿಣ್ವ ಕಾವಲಿಗಿದೆ. ಈ ಔಷಧದ ಬಹುಪಾಲನ್ನು ಅದು ಅಲ್ಲೇ ನಿಷ್ಕ್ರಿಯ ಮಾಡುತ್ತೆ. ಮಗುವಿಗೆ ತಲುಪೋದು ಸುಮಾರು ಹತ್ತರಲ್ಲೊಂದು ಪಾಲು" ಎಂದೆ. ಆದರೆ ಕಾಫಿಯ ಕೆಫೀನಿಗೆ ಆ ತಡೆಯಿಲ್ಲ, ಅದು ಸರಾಗವಾಗಿ ದಾಟುತ್ತದೆ. ಆದ್ದರಿಂದ ಕಾಫಿ ಬೇಡ. ಸ್ಟೀರಾಯ್ಡಿನಿಂದ ರಕ್ತದ ಸಕ್ಕರೆ ಏರಬಹುದು, ಸಿಹಿಯೂ ಬೇಡ. ಇಷ್ಟು ಅಪ್ಪಣೆ ಕೊಟ್ಟು ಕಳಿಸಿದೆ.

ಇಪ್ಪತ್ತೊಂಬತ್ತನೆಯ ವಾರ ಅವಳ ರಕ್ತದೊತ್ತಡ 160/104ಕ್ಕೇರಿತು. ಪ್ರೀಎಕ್ಲಾಂಪ್ಸಿಯಾ, ಅಂದರೆ ತಾಯಿ ಮಗು ಇಬ್ಬರಿಗೂ ಅಪಾಯ ತರುವ ಬಸಿರಿನ ರಕ್ತದೊತ್ತಡದ ಕಾಯಿಲೆ ಇರಬೇಕು, ಬೇಗ ಹೆರಿಗೆ ಮಾಡಿಸಬೇಕಾದೀತು ಎಂದರು ಸಹೋದ್ಯೋಗಿಗಳು. ಹೊಟ್ಟೆಯಲ್ಲಿದ್ದ ಮಗುವಿನ ತೂಕ ಅಂದಾಜು 1,200 ಗ್ರಾಂ. ಆದರೆ ಆ ಕಾಯಿಲೆಯ ಗುರುತಾಗಿ ಮೂತ್ರದಲ್ಲಿ ಕಾಣಬೇಕಾದ ಪ್ರೋಟೀನ್ ಇಲ್ಲ, ಪ್ಲೇಟ್‌ಲೆಟ್ ಸರಿಯಿದೆ, 3.5ಕ್ಕಿಂತ ಮೇಲಿರಬೇಕಾದ ಪೊಟ್ಯಾಸಿಯಂ ಮಾತ್ರ 2.8ಕ್ಕೆ ಕುಸಿದಿದೆ. ಪ್ರೀಎಕ್ಲಾಂಪ್ಸಿಯಾ ಪೊಟ್ಯಾಸಿಯಮ್ಮನ್ನು ಹೀಗೆ ಇಳಿಸುವುದಿಲ್ಲ. ಒತ್ತಡಕ್ಕೆ ಔಷಧ ಕೊಟ್ಟು, ಮಗುವಿನ ಮೇಲೆ ಕಣ್ಣಿಟ್ಟು, ಎರಡು ದಿನ ಕಾಯೋಣವೆಂದೆ.

ಮರುದಿನ ವಾರ್ಡಿಗೆ ಹೋದಾಗ ಸುಪ್ರಿಯಾಳ ಅತ್ತೆ ಗಿರಿಜಮ್ಮ ಫ್ಲಾಸ್ಕಿನಿಂದ ಏನನ್ನೋ ಲೋಟಕ್ಕೆ ಬಗ್ಗಿಸುತ್ತಿದ್ದರು.

"ಏನಮ್ಮ ಅದು?"

"ಕಷಾಯ. ಕಾಫಿ ಬೇಡ, ಸಕ್ಕರೆ ಬೇಡ ಅಂದದ್ದು ನೀವೇ ಅಲ್ವಾ ಮಾರಾಯ್ರೆ? ಸಿಹಿಗೆ ಜ್ಯೇಷ್ಠಮಧು ಜಾಸ್ತಿ ಹಾಕಿದ್ದೇನೆ. ದಿನಕ್ಕೆ ನಾಲ್ಕು ಲೋಟ, ಒಂದು ಹೊತ್ತೂ ತಪ್ಪಿಸಿಲ್ಲ."

ಒಂದು ಗುಟುಕು ಕುಡಿದೆ. ಆ ಸಿಹಿ ನಾಲಿಗೆ ಬಿಡಲೇ ಇಲ್ಲ. ಜ್ಯೇಷ್ಠಮಧು ಅತಿಯಾದರೆ, ಕಾವಲಿಗಿದೆಯೆಂದು ನಾನು ಭರವಸೆ ಕೊಟ್ಟಿದ್ದೆನಲ್ಲ, ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಮೂತ್ರಪಿಂಡದಲ್ಲೂ ಅದೇ ಕಿಣ್ವವಿದೆ, ಅಲ್ಲಿ ಅದು ಸುಮ್ಮನಾದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಸೋರಿಹೋಗುತ್ತದೆ. ಮಾಸಿನಲ್ಲಿ ಸುಮ್ಮನಾದರೆ ಮಗುವಿನ ಬಾಗಿಲಿಗೆ ಕಾವಲೇ ಇಲ್ಲ.

ವಿಷಯ ತಿಳಿದು ಗಿರಿಜಮ್ಮ ಕಣ್ಣೀರಿಟ್ಟರು. "ನಾನೇ ನನ್ನ ಕೈಯಾರೆ..."

"ತಪ್ಪು ನಿಮ್ಮದಲ್ಲ. ಕಾಫಿ ಬದಲಿಗೆ ಏನು ಕೊಡ್ತೀರಿ ಅಂತ ನಾನು ಕೇಳಲೇ ಇಲ್ಲ" ಎಂದೆ. ಆ ಮಾತು ಹೇಳುವಾಗ ನನ್ನ ಜಂಬ ಇಳಿದದ್ದು ನನಗೇ ಗೊತ್ತಾಯಿತು.

ಕಷಾಯ ನಿಲ್ಲಿಸಿ ಪೊಟ್ಯಾಸಿಯಂ ಕೊಟ್ಟೆವು. ಹನ್ನೆರಡನೆಯ ದಿನ ರಕ್ತದೊತ್ತಡ 124/80, ಪೊಟ್ಯಾಸಿಯಂ 4.1. ರಿಪೋರ್ಟ್ ಹಿಡಿದು ಕಾರಿಡಾರಿನಲ್ಲಿ ಕುಣಿಯುವುದೊಂದು ಬಾಕಿ. ಮೂವತ್ತೆಂಟನೆಯ ವಾರ ಸುಪ್ರಿಯಾ 2.7 ಕಿಲೋ ತೂಕದ ಹೆಣ್ಣುಮಗುವನ್ನು ಹೆತ್ತಳು. ಅದರ ಅಳು ವಾರ್ಡಿನ ಆ ತುದಿಗೂ ಕೇಳಿಸಿತು.

ಮನೆಗೆ ಹೊರಟ ದಿನ ಗಿರಿಜಮ್ಮ ಮತ್ತೆ ಫ್ಲಾಸ್ಕ್ ತೆರೆದರು. "ಬರೀ ಕೊತ್ತಂಬರಿ, ಜೀರಿಗೆ. ಮೊದಲು ನೀವು ಕುಡಿದು ಪಾಸ್ ಮಾಡಿ, ಆಮೇಲೆ ಅವಳಿಗೆ."

ಸಪ್ಪೆ ಕಷಾಯ, ಲೋಟ ಖಾಲಿ ಮಾಡಿ ಪಾಸ್ ಮಾಡಿದೆ. ಅಂದಿನಿಂದ ಯಾವ ಗರ್ಭಿಣಿಗೆ ಏನನ್ನು ಬೇಡವೆಂದರೂ, "ಹಾಗಾದರೆ ಅದರ ಬದಲಿಗೆ ಏನು?" ಎಂದು ಕೇಳದೆ ಕುರ್ಚಿಯಿಂದ ಏಳಲು ಬಿಡುವುದಿಲ್ಲ.